ಮಗುವಿನ ಮೊದಲ ವರ್ಷ ಮತ್ತು ನಮ್ಮ ಹೊಣೆ

(ಶಿಕಾರಿಪುರ ಮತ್ತು ಸೊರಬದ ಹೆತ್ತವರ ಮುಂದೆ ಮಾಡಿದ ಭಾಷಣದ ಬರಹ ರೂಪ)



ಮಗುವಿಗೆ ನಾಲ್ಕೈದು ತಿಂಗಳಾಗುತ್ತಲೇ ನಮ್ಮ ಮನೆಗಳಲ್ಲಿ ಪ್ರಶ್ನೆಗಳು ಆರಂಭವಾಗುತ್ತವೆ. ಕುತ್ತಿಗೆ ನಿಂತಿತೇ? ಮಗುಚಿತೇ? ಪಕ್ಕದ ಮನೆಯ ಮಗು ಆಗಲೇ ಕುಳಿತಿದೆಯಲ್ಲ, ನಿಮ್ಮದೇಕೆ ಇನ್ನೂ ಕುಳಿತಿಲ್ಲ? ಕೇಳುವವರಿಗೆ ಇದು ಸಹಜ ಮಾತು. ಆದರೆ ಚೊಚ್ಚಲ ತಾಯಿಯ ಎದೆಗೆ ಅದು ಮುಳ್ಳಿನಂತೆ ನಾಟುತ್ತದೆ. ಇನ್ನು ಕೆಲವು ಮನೆಗಳಲ್ಲಿ ಇದಕ್ಕೆ ವಿರುದ್ಧವಾದ ಮಾತು ಕೇಳಿಸುತ್ತದೆ. “ಇವನ ಅಬ್ಬಾ ಕೂಡಾ ತಡವಾಗಿಯೇ ನಡೆದದ್ದು, ಚಿಂತೆ ಬೇಡ” ಎಂದು ದಾದಿ ಸಮಾಧಾನ ಹೇಳುತ್ತಾರೆ. ಅನಗತ್ಯ ಭಯ ಮತ್ತು ಅನಗತ್ಯ ನಿಶ್ಚಿಂತೆ, ಇವೆರಡೂ ಮಗುವಿಗೆ ಹಾನಿಕರ. ಈ ಎರಡರ ನಡುವೆ ಒಂದು ದಾರಿಯಿದೆ. ಅದರ ಹೆಸರು ತಿಳಿವಳಿಕೆ.

ವಿಶ್ವ ಆರೋಗ್ಯ ಸಂಸ್ಥೆಯು ಘಾನಾ, ಭಾರತ, ನಾರ್ವೆ, ಒಮನ್ ಮತ್ತು ಅಮೆರಿಕದ 816 ಮಕ್ಕಳ ಬೆಳವಣಿಗೆಯನ್ನು ಗಮನಿಸಿ 2006ರಲ್ಲಿ ವರದಿಯೊಂದನ್ನು ಪ್ರಕಟಿಸಿತು. ಆರೋಗ್ಯವಂತ ಮಕ್ಕಳಲ್ಲಿಯೂ ಎಷ್ಟೊಂದು ವ್ಯತ್ಯಾಸವಿದೆ ಎಂಬುದನ್ನು ಆ ವರದಿ ತೋರಿಸಿತು. ಆಸರೆಯಿಲ್ಲದೆ ಕುಳಿತುಕೊಳ್ಳುವ ಕಾಲ ಸುಮಾರು 4ರಿಂದ 9 ತಿಂಗಳು. ಆಸರೆ ಹಿಡಿದು ನಿಲ್ಲುವುದು ಸುಮಾರು 5ರಿಂದ 11 ತಿಂಗಳು. ಅಂಬೆಗಾಲಿಡುವುದು 5ರಿಂದ 13 ತಿಂಗಳು. ಯಾರ ಸಹಾಯವೂ ಇಲ್ಲದೆ ನಡೆಯುವುದು 8ರಿಂದ 17 ತಿಂಗಳು. ಅಂದರೆ ಒಂಬತ್ತು ತಿಂಗಳಿಗೆ ನಡೆದ ಮಗುವೂ ಹದಿನಾರು ತಿಂಗಳಿಗೆ ನಡೆದ ಮಗುವೂ ಆರೋಗ್ಯವಂತ ಮಕ್ಕಳೇ ಆಗಿರಬಹುದು. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲನ್ನೇ ಇಡದೆ ನೇರವಾಗಿ ಎದ್ದು ನಿಂತರು. ಆದ್ದರಿಂದ ಪಕ್ಕದ ಮನೆಯ ಮಗು ನಮ್ಮ ಮಗುವಿಗೆ ಅಳತೆಗೋಲಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನ ಲೆಕ್ಕವಂತೂ ಬೇರೆಯೇ. ಎರಡು ತಿಂಗಳು ಮುಂಚಿತವಾಗಿ ಹುಟ್ಟಿದ್ದರೆ ವಯಸ್ಸಿನಿಂದ ಆ ಎರಡು ತಿಂಗಳನ್ನು ಕಳೆದೇ ನೋಡಬೇಕು.

ಹಾಗಾದರೆ ಎಚ್ಚರ ವಹಿಸಬೇಕಾದದ್ದು ಯಾವಾಗ? ನಾಲ್ಕು ತಿಂಗಳು ತುಂಬಿದರೂ ಕುತ್ತಿಗೆ ನಿಲ್ಲದಿದ್ದರೆ, ಒಂಬತ್ತು ತಿಂಗಳು ಕಳೆದರೂ ಮಗು ಆಸರೆಯಿಲ್ಲದೆ ಕೂರದಿದ್ದರೆ, ಕೈಕಾಲುಗಳು ಕಟ್ಟಿಗೆಯಂತೆ ಬಿಗಿಯಾಗಿದ್ದರೆ ಅಥವಾ ಬಟ್ಟೆಯಂತೆ ಜೋಲುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ವರ್ಷ ತುಂಬುವ ಮೊದಲೇ ಒಂದು ಕೈಯನ್ನು ಮಾತ್ರ ಬಳಸಿ ಇನ್ನೊಂದನ್ನು ಮರೆತಂತಿದ್ದರೆ ಅದನ್ನು ‘ಎಡಚ’ ಎಂದು ನಕ್ಕು ಸುಮ್ಮನಾಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕಲಿತದ್ದನ್ನು ಮಗು ಮರೆಯತೊಡಗಿದರೆ ಒಂದು ದಿನವೂ ಕಾಯಬಾರದು. ಹುಟ್ಟುವಾಗ ಕೂಡಲೇ ಅಳದಿದ್ದ ಮಗು, ತೀವ್ರ ಕಾಮಾಲೆಯಾಗಿದ್ದ ಮಗು, ತೀರಾ ಕಡಿಮೆ ತೂಕದ ಮಗು, ಇವುಗಳ ಮೇಲೆ ವಿಶೇಷ ಗಮನವಿರಲಿ.

ಸೂಚನೆಯ ಬೆಲೆಯೇನೆಂದು ಸೊರಬದವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1957ರಲ್ಲಿ ಇದೇ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಹೊಸ ರೋಗವೊಂದರ ಸುಳಿವು ಜಗತ್ತಿಗೆ ಸಿಕ್ಕಿತು. ಇಂದಿಗೂ ಕಾಡಿನಲ್ಲಿ ಮಂಗ ಸತ್ತರೆ ನಾವು ಆರೋಗ್ಯ ಇಲಾಖೆಗೆ ತಿಳಿಸುತ್ತೇವೆ. ಹಾಗಿರುವಾಗ ನಮ್ಮ ತೊಟ್ಟಿಲಲ್ಲೇ ಕಾಣಿಸುವ ಸೂಚನೆಯನ್ನು ಮುಚ್ಚಿಡುವುದೇಕೆ?

ಮುಚ್ಚಿಡುವುದಕ್ಕೆ ಕಾರಣ ನಾಚಿಕೆ. “ಜನ ಏನೆಂದಾರು?” ಎಂಬ ಭಯ. ಅದರ ಬೆನ್ನಿಗೇ ದೃಷ್ಟಿಯ ಮಾತು, ತಾಯಿತದ ಮಾತು ಬರುತ್ತದೆ. ಒಂದು ತಾಯಿತ ಫಲಿಸದಿದ್ದರೆ ಇನ್ನೊಂದು. ಹೀಗೆ ಆರು ತಿಂಗಳು, ವರ್ಷ ಕಳೆದುಹೋಗುತ್ತದೆ. ಮಗುವಿನ ಮೆದುಳು ಅತ್ಯಂತ ವೇಗವಾಗಿ ಬೆಳೆಯುವ ಕಾಲವೂ ಅದೇ. ಆಗ ಆರಂಭಿಸಿದ ವ್ಯಾಯಾಮ ಚಿಕಿತ್ಸೆಯಿಂದ ಆಗುವ ಪ್ರಯೋಜನ ಐದನೇ ವರ್ಷದಲ್ಲಿ ಆರಂಭಿಸಿದರೆ ಆಗದು. ನಾವು ಪ್ರಾರ್ಥಿಸೋಣ. ಆದರೆ ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದವರೂ ಪ್ರವಾದಿ(ಸ)ಯವರೇ ಎಂಬುದನ್ನು ಮರೆಯದಿರೋಣ. ಮಗು ನಡೆಯದಿರುವುದಕ್ಕೆ ಸೊಸೆಯ ಕಾಲ್ಗುಣವನ್ನು ಹಳಿಯುವ ನಾಲಿಗೆಗಳೂ ನಮ್ಮಲ್ಲಿವೆ. ಅದು ಅನ್ಯಾಯ.

ಇನ್ನೊಂದು ಸಂಗತಿ. ನಮ್ಮಲ್ಲಿ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುತ್ತಾರೆ. ಸೊರಬದಲ್ಲಿ ಹುಟ್ಟಿದ ಮಗು ನಾಲ್ಕು ತಿಂಗಳಿಗೆ ಶಿಕಾರಿಪುರಕ್ಕೋ ಶಿರಾಳಕೊಪ್ಪಕ್ಕೋ ಬರುತ್ತದೆ. ಬಟ್ಟೆ, ತೊಟ್ಟಿಲು, ಬೆಳ್ಳಿಯ ಗೆಜ್ಜೆ ಎಲ್ಲವೂ ಬರುತ್ತವೆ. ತಾಯಿ ಕಾರ್ಡ್ ಮಾತ್ರ ತವರಿನ ಕಪಾಟಿನಲ್ಲೇ ಉಳಿಯುತ್ತದೆ. ಲಸಿಕೆ, ತೂಕ, ಬೆಳವಣಿಗೆಯ ಹಂತಗಳು ಎಲ್ಲವೂ ಇರುವುದು ಅದರಲ್ಲಿ. ಮಗು ಹೋದಲ್ಲಿಗೆ ಕಾರ್ಡೂ ಹೋಗಬೇಕು. ಹೊಸ ಊರಿನ ಅಂಗನವಾಡಿಯಲ್ಲಿ ಮಗುವಿನ ಹೆಸರು ಬರೆಸಬೇಕು. 3, 6, 9, 12 ಮತ್ತು 15ನೇ ತಿಂಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದು ಮಗುವನ್ನು ನೋಡಬೇಕೆಂಬ ಯೋಜನೆ 2018ರಿಂದ ಇದೆ. ಬಂದವರನ್ನು ಹೊಸ್ತಿಲಲ್ಲೇ ಮಾತಾಡಿಸಿ ಕಳುಹಿಸದೆ ಒಳಗೆ ಕರೆದು ಮಗುವನ್ನು ತೋರಿಸಿರಿ.

ಮನೆಯಲ್ಲಿ ಮಾಡಬೇಕಾದದ್ದಕ್ಕೆ ದುಡ್ಡು ಬೇಕಾಗಿಲ್ಲ. ಮಗುವನ್ನು ಅಂಗಾತ ಮಲಗಿಸಿರಿ. ಆದರೆ ಎಚ್ಚರವಿರುವಾಗ, ನಿಮ್ಮ ಕಣ್ಣೆದುರಿಗೆ, ಸ್ವಲ್ಪ ಹೊತ್ತು ಚಾಪೆಯ ಮೇಲೆ ಬೋರಲು ಹಾಕಿರಿ. ಕುತ್ತಿಗೆಗೂ ಭುಜಕ್ಕೂ ಬಲ ಬರುವುದು ಅದರಿಂದಲೇ. ಕಾಲುಗಳನ್ನು ನೇರ ಮಾಡಿ ಬಿಗಿಯಾಗಿ ಸುತ್ತಬೇಡಿ, ಸೊಂಟದ ಕೀಲಿಗೆ ಕೆಡುಕು. ಇಡೀ ದಿನ ಸೊಂಟದ ಮೇಲೆ ಹೊತ್ತ ಮಗುವಿಗೆ ನೆಲದ ಪರಿಚಯವಾಗುವುದಾದರೂ ಹೇಗೆ? ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಬಳಿಕ ಎದೆಹಾಲಿನ ಜೊತೆ ಮೆದುವಾದ ಊಟ. ಮಾಮನೋ ಚಾಚಾನೋ ಪ್ರೀತಿಯಿಂದ ತಂದುಕೊಡುವ ಚಕ್ರದ ವಾಕರ್ ಬೇಡ. ಅದು ನಡಿಗೆಯನ್ನು ಬೇಗ ಕಲಿಸುವುದಿಲ್ಲ. ಬದಲಾಗಿ ಮೆಟ್ಟಿಲಿಂದ ಉರುಳಿಸುತ್ತದೆ, ಬಿಸಿ ಪಾತ್ರೆಯ ಬಳಿಗೆ ಒಯ್ಯುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿತು.

ಇಷ್ಟು ನಮ್ಮ ಹೊಣೆ. ಸರಕಾರಕ್ಕೂ ಹೊಣೆಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಮಕ್ಕಳ ಬೆಳವಣಿಗೆಯ ಕುಂಠಿತವನ್ನು ಬೇಗ ಗುರುತಿಸಿ ಜಿಲ್ಲಾ ಮಟ್ಟದ ಕೇಂದ್ರದಲ್ಲಿ ಉಚಿತ ಚಿಕಿತ್ಸೆ ಕೊಡುವುದಕ್ಕಾಗಿಯೇ ಇದೆ. ಆದರೆ ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿಲೋಮೀಟರ್; ಸೊರಬ ಇನ್ನೂ ದೂರ. ವ್ಯಾಯಾಮ ಚಿಕಿತ್ಸೆ ಒಂದು ದಿನಕ್ಕೆ ಮುಗಿಯುವುದಿಲ್ಲ, ತಿಂಗಳುಗಟ್ಟಲೆ ನಡೆಯಬೇಕು. ದಿನಗೂಲಿಯ ತಂದೆ ವಾರಕ್ಕೆರಡು ಬಾರಿ ಕೂಲಿ ಬಿಟ್ಟು ಬಸ್ ಹತ್ತಲು ಸಾಧ್ಯವೇ? ಸೊರಬವು ಬಂಗಾರಪ್ಪನವರನ್ನೂ ಶಿಕಾರಿಪುರವು ಯಡಿಯೂರಪ್ಪನವರನ್ನೂ ಮುಖ್ಯಮಂತ್ರಿಗಳಾಗಿ ರಾಜ್ಯಕ್ಕೆ ಕೊಟ್ಟಿವೆ. ಅಂಥ ತಾಲೂಕುಗಳ ಜನ ತಮ್ಮ ತಾಲೂಕು ಆಸ್ಪತ್ರೆಯಲ್ಲಿಯೇ ಎಳೆಯ ಮಕ್ಕಳಿಗೆ ನಿಯಮಿತವಾಗಿ ಈ ಚಿಕಿತ್ಸೆ ಸಿಗಲಿ ಎಂದು ಕೇಳಿದರೆ ಅದು ಅತಿಯಾಸೆಯಲ್ಲ. ಇದು ಒಂದು ಸಮುದಾಯದ ಬೇಡಿಕೆಯೂ ಅಲ್ಲ. ನಡೆಯಲಾಗದ ಮಗುವಿಗೆ ಜಾತಿ ಧರ್ಮಗಳಿಲ್ಲ.

ಇಂದು ಮನೆಗೆ ಹೋದ ಕೂಡಲೇ ಒಂದು ಕೆಲಸ ಮಾಡೋಣ. ತಾಯಿ ಕಾರ್ಡ್ ಎಲ್ಲಿದೆಯೆಂದು ಹುಡುಕೋಣ. ಬಳಿಕ ಚಾಪೆ ಹಾಸಿ, ಮಗುವನ್ನು ಅದರ ಮೇಲೆ ಬಿಟ್ಟು, ಅಬ್ಬಾನೂ ಅಮ್ಮಿಯೂ ಜೊತೆಯಾಗಿ ಕಾಲು ಗಂಟೆ ನೋಡುತ್ತಾ ಕುಳಿತುಕೊಳ್ಳೋಣ. ಮಗು ನಮಗೆ ಹೇಳಬೇಕಾದದ್ದನ್ನು ತನ್ನ ಕೈಕಾಲುಗಳಿಂದಲೇ ಹೇಳುತ್ತದೆ.