ಹೇಳಬೇಕಾದುದು, ಬಿಡಬಹುದಾದುದು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾವು ಬ್ಯಾಂಕಿನ ಗುಮಾಸ್ತರು, ಪಂಡಿತರಲ್ಲ. ಆದರೂ ಭಾಷೆಯ ಬಗ್ಗೆ ನಾಲ್ಕು ಮಾತನಾಡಲು ನಿಂತಿದ್ದೇವೆ. ನಮ್ಮ ಮೇಜಿನ ಮೇಲಿನ ಒಂದು ಪ್ರಶ್ನೆಯೂ ವೈಯಾಕರಣರ ಒಂದು ಪ್ರಶ್ನೆಯೂ ಒಂದೇ ಎಂದು ಕಂಡದ್ದೇ ಅದಕ್ಕೆ ಕಾರಣ. ಯಾವುದನ್ನು ಬರೆಯಲೇಬೇಕು, ಯಾವುದನ್ನು ಬಿಟ್ಟರೂ ನಡೆದೀತು? ಇದೇ ಆ ಪ್ರಶ್ನೆ.

ಒಂದು ಯಂತ್ರವೋ ಕಂಪ್ಯೂಟರೋ ಏನು ಮಾಡಬೇಕೆಂಬುದನ್ನು ಮೊದಲೇ ಖಚಿತವಾಗಿ ಬರೆದಿಡುವುದಕ್ಕೆ ಸ್ಪೆಸಿಫಿಕೇಶನ್ ಎನ್ನುತ್ತಾರೆ. ನಾವು ನಿರ್ದೇಶ ಎನ್ನೋಣ. 1969ರಲ್ಲಿ ಟೋನಿ ಹೋರ್ ಎಂಬ ಆಂಗ್ಲ ವಿದ್ವಾಂಸರು ಇದಕ್ಕೆ ತರ್ಕದ ಕಟ್ಟು ಒದಗಿಸಿದರು. ಕೆಲಸಕ್ಕೆ ಮುನ್ನ ಯಾವುದು ನಿಜವಾಗಿರಬೇಕು, ಮುಗಿದ ಮೇಲೆ ಯಾವುದು ನಿಜವಾಗಿರಬೇಕು ಎಂಬುದನ್ನು ಹೇಳಿದರೆ ಸಾಕು. ನಡುವಣ ದಾರಿ ಮಾಡುವವನಿಗೆ ಬಿಟ್ಟದ್ದು. ಎಲ್ಲವನ್ನೂ ಹೇಳಹೊರಟರೆ ಅವನ ಕೈ ಕಟ್ಟಿದಂತೆ. ಆದರೆ ಬಿಡಬಾರದುದನ್ನು ಬಿಟ್ಟರೆ?

ಒಂದು ಖಾತೆಯಲ್ಲಿ 500 ರೂಪಾಯಿ ಶಿಲ್ಕು ಇದೆ ಎನ್ನೋಣ. ಒಂದೇ ದಿನ 1,000 ರೂಪಾಯಿ ಜಮೆಯೂ 1,200 ರೂಪಾಯಿಯ ಚೆಕ್ಕೂ ಬಂದವು. "ತಾರೀಖಿನ ಪ್ರಕಾರ ಲೆಡ್ಜರಿಗೆ ಏರಿಸತಕ್ಕದ್ದು" ಎಂದಷ್ಟೇ ನಿರ್ದೇಶವಿದ್ದರೆ ಯಾವ ಸರದಿಯೂ ತಪ್ಪಲ್ಲ. ಜಮೆ ಮೊದಲಾದರೆ 300 ರೂಪಾಯಿ ಉಳಿಯುತ್ತದೆ. ಚೆಕ್ಕು ಮೊದಲಾದರೆ ಹಣ ಸಾಲದೆ ಅದು ವಾಪಸು! ಎರಡೂ ಜಮೆಗಳೇ ಆಗಿದ್ದರೆ ಯಾವುದು ಮೊದಲಾದರೇನು? ಮೊತ್ತ ಒಂದೇ. ಬಿಟ್ಟ ಮಾತಿನಿಂದ ಫಲ ಬದಲಾಗದಿದ್ದರೆ ಬಿಡಬಹುದು, ಬದಲಾಗುವುದಾದರೆ ಹೇಳಲೇಬೇಕು.

ಇನ್ನು ನಮ್ಮ ಕನ್ನಡದ ಸೊನ್ನೆಯನ್ನು ನೋಡಿ. ಅಂಕ, ಅಂಚು, ಅಂಟು, ಅಂದ, ಅಂಬು: ಬರೆಯುವುದು ಒಂದೇ ಸೊನ್ನೆ, ಉಚ್ಚಾರ ಐದು. ಮುಂದೆ ಬರುವ ಅಕ್ಷರ ಯಾವ ವರ್ಗದ್ದೋ ಆ ವರ್ಗದ ಅನುನಾಸಿಕವೇ ಬಾಯಿಗೆ ತಾನಾಗಿ ಬರುತ್ತದೆ. "ಮೂಗಿನ ದನಿ" ಎಂಬಷ್ಟನ್ನೇ ಸೊನ್ನೆ ಹೇಳುತ್ತದೆ. ಉಳಿದುದನ್ನು ನಿಯಮ ತುಂಬುತ್ತದೆ. ಆದರೆ ಅನ್ನ, ಅಣ್ಣ ಎಂಬಲ್ಲಿ ಈ ಉಪಾಯ ನಡೆಯದು. ಒಂದು ಎಲೆಯಲ್ಲಿ ಬಡಿಸುವ ವಸ್ತು, ಇನ್ನೊಂದು ಪಕ್ಕದಲ್ಲಿ ಉಣ್ಣಲು ಕೂತವನು. ಅಲ್ಲಿ ಅಕ್ಷರವನ್ನು ಬರೆಯಲೇಬೇಕು.

ಅನುಸ್ವಾರದ ಈ ನಿಯಮವನ್ನು ಸಂಸ್ಕೃತಕ್ಕಾಗಿ ಪಾಣಿನಿ ತನ್ನ ಅಷ್ಟಾಧ್ಯಾಯಿಯ ಎಂಟನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಹೇಳಿಟ್ಟಿದ್ದಾನೆ. ಕೆಲವೆಡೆ ಧ್ವನಿಗಳ ಭೇದ ಅಳಿದು, ಅವುಗಳ ಸಾಮಾನ್ಯ ಅಂಶ ಮಾತ್ರ ಉಳಿಯುತ್ತದೆಂದು 1939ರಲ್ಲಿ ಪ್ರಕಟವಾದ ತ್ರುಬೆತ್ಸ್ಕೊಯ್ ಅವರ ಗ್ರಂಥ ವಿವರಿಸಿತು. 1980ರ ದಶಕದಲ್ಲಿ ಅಮೆರಿಕದ ಧ್ವನಿಶಾಸ್ತ್ರಜ್ಞರಲ್ಲಿ ಇದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ನಿಯಮದಿಂದ ಬರುವುದನ್ನೆಲ್ಲ ಪದದ ಮೂಲರೂಪದಿಂದ ತೆಗೆದುಬಿಡಬೇಕೆಂದು 1984ರ ತಮ್ಮ ಪ್ರಬಂಧದಲ್ಲಿ ಡಯಾನಾ ಆರ್ಕಾಂಜೆಲಿ ವಾದಿಸಿದರು. ಅರ್ಥಭೇದ ಮಾಡುವ ಗುಣಗಳನ್ನಾದರೂ ಪೂರ್ತಿ ಉಳಿಸಬೇಕೆಂದು ಬೇರೆಯವರು ಹೇಳಿದರು.

ಇದರಿಂದ ನಮಗೇನು ಎಂದು ಕೇಳುವಿರಾ? ಹೊರನಾಡಿನ ನಮ್ಮ ಮನೆಗಳಲ್ಲಿ ಮಕ್ಕಳು ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ಆ ಬರಹದಲ್ಲಿ ಅನ್ನವೂ ಅಣ್ಣನೂ ಒಂದೇ. ಹಲ್ಲಿಯೂ ಹಳ್ಳಿಯೂ ಒಂದೇ. ಬಲೆ, ಬಳೆ, ಬಾಲೆ, ಬಾಳೆ ನಾಲ್ಕಕ್ಕೂ ಒಂದೇ ಕಾಗುಣಿತವಾದೀತು! ಸೊನ್ನೆ ಬಿಟ್ಟುದನ್ನು ನಿಯಮ ತುಂಬಿಕೊಡುತ್ತದೆ. ಇಲ್ಲಿ ಬಿಟ್ಟುದನ್ನು ತುಂಬುವ ನಿಯಮವೇ ಇಲ್ಲ. ನಮಗೆ ತೊಂದರೆಯಿಲ್ಲ, ಊರಿನಲ್ಲಿ ಕೇಳಿ ಬೆಳೆದ ಕಿವಿ ನಮ್ಮದು, ಸಂದರ್ಭ ನೋಡಿ ತುಂಬಿಕೊಳ್ಳುತ್ತೇವೆ. ಆ ಪದವನ್ನು ಎಂದೂ ಕೇಳದ ಮಗು ಯಾವುದರಿಂದ ತುಂಬಬೇಕು? ಅದರ ಪಾಲಿಗೆ ಬಳೆಯ ಳಕಾರ ಬಿಟ್ಟುಹೋದದ್ದಲ್ಲ, ಇಲ್ಲದ್ದೇ.

ಆದುದರಿಂದ ಬಂಧುಗಳೇ, ಮಕ್ಕಳಿಗೆ ಮನೆಯಿಂದ ಹೋಗುವ ಸಂದೇಶಗಳನ್ನಾದರೂ ಕನ್ನಡ ಲಿಪಿಯಲ್ಲೇ ಬರೆಯೋಣ. ಮೊಬೈಲಿನಲ್ಲಿ ಆ ಸೌಕರ್ಯ ಇದ್ದೇ ಇದೆ. ಬರೆದುದನ್ನು ಅವರಿಂದ ಗಟ್ಟಿಯಾಗಿ ಓದಿಸೋಣ. ಬಿಡಬಹುದಾದುದನ್ನು ನಮ್ಮ ಲಿಪಿ ತಾನೇ ಬಿಟ್ಟಿದೆ. ಉಳಿದುದನ್ನು ನಾವು ಬಿಡುವುದು ಬೇಡ.