ಹೋಮಿಯೋಪತಿಯ ಬೋಧನೆ ಮತ್ತು ವೃತ್ತಿ: ಸ್ವದೇಶದಲ್ಲಿ, ವಿದೇಶದಲ್ಲಿ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಜರಗಿದ ಆರೋಗ್ಯ ಗೋಷ್ಠಿಯಲ್ಲಿ ವೈದ್ಯ ದಂಪತಿಗಳು ಸಾದರಪಡಿಸಿದ ಉಪನ್ಯಾಸ)



ಈ ಇಗರ್ಜಿಯ ಪೀಠದ ಮುಂದೆಯೇ ವಿವಾಹದ ಸಂಸ್ಕಾರವನ್ನು ಸ್ವೀಕರಿಸಿ, ಇಲ್ಲಿಂದಲೇ ವೃತ್ತಿಜೀವನವನ್ನು ಆರಂಭಿಸಿದ ನಮ್ಮಿಬ್ಬರನ್ನು ಈ ಶುಭಸಂದರ್ಭದಲ್ಲಿ ನೆನೆದು ಕರೆದುದಕ್ಕಾಗಿ ನಾವು ಕೃತಜ್ಞರಾಗಿದ್ದೇವೆ. ಈ ಬರಹವನ್ನು ಓದುತ್ತಿರುವವರು ಒಬ್ಬರಾದರೂ ಬರೆದವರು ಇಬ್ಬರು. ಹೋಮಿಯೋಪತಿಯನ್ನು ಊರಿನಲ್ಲಿ ನಡೆಸಿ, ಕಾಲೇಜಿನಲ್ಲಿ ಕಲಿಸಿ, ಹಲವು ವರ್ಷ ಇಂಗ್ಲೆಂಡಿನಲ್ಲಿಯೂ ಅದೇ ಕಾರ್ಯವನ್ನು ಮಾಡಿ ಹಿಂದಿರುಗಿರುವ ನಾವು, ನಮ್ಮ ಅನುಭವದಲ್ಲಿ ಪ್ರಿಯವಾದುದನ್ನು ಮಾತ್ರವಲ್ಲದೆ ಕಹಿಯಾದುದನ್ನೂ ತಮ್ಮ ಮುಂದಿಡಲು ಬಯಸುತ್ತೇವೆ.

ಈ ವೈದ್ಯಪದ್ಧತಿಯ ಕಥೆ ಒಂದು ಮರದ ತೊಗಟೆಯಿಂದ ಆರಂಭವಾಗುತ್ತದೆ. ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯನ್ನು ಚಳಿಜ್ವರದ ಮದ್ದಾಗಿ 17ನೆಯ ಶತಮಾನದಲ್ಲಿ ಯುರೋಪಿಗೆ ತಂದು ಹರಡಿದವರಲ್ಲಿ ಯೇಸುಸಭೆಯ ಗುರುಗಳು ಪ್ರಮುಖರು. ಆದುದರಿಂದಲೇ ಅದಕ್ಕೆ ‘ಜೆಸ್ವಿತರ ತೊಗಟೆ’ ಎಂಬ ಹೆಸರು ಬಂದಿತು. ಜರ್ಮನಿಯ ಮೈಸೆನ್ ನಗರದಲ್ಲಿ 1755ರಲ್ಲಿ ಜನಿಸಿದ ವೈದ್ಯ ಸಾಮ್ಯುಯೆಲ್ ಹಾನಿಮನ್ ಅವರು 1790ರಲ್ಲಿ ಆರೋಗ್ಯವಂತರಾಗಿದ್ದಾಗಲೇ ಆ ತೊಗಟೆಯನ್ನು ತಾವೇ ಸೇವಿಸಿ, ಜ್ವರದಂತಹ ಲಕ್ಷಣಗಳು ತಮ್ಮಲ್ಲಿ ತೋರಿದುವೆಂದು ಬರೆದಿಟ್ಟರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ನಮ್ಮ ಗಾದೆಯಂತೆ, ರೋಗದ ಲಕ್ಷಣವನ್ನು ಹೋಲುವ ಲಕ್ಷಣವನ್ನು ಹುಟ್ಟಿಸುವ ವಸ್ತುವೇ ಆ ರೋಗಕ್ಕೆ ಔಷಧ ಎಂಬ ತತ್ತ್ವವನ್ನು ಅವರು ಪ್ರತಿಪಾದಿಸಿದರು. ಅವರ ‘ಆರ್ಗನಾನ್’ ಗ್ರಂಥ 1810ರಲ್ಲಿ ಪ್ರಕಟವಾಯಿತು.

ರೋಗಿಯ ರಕ್ತನಾಳವನ್ನು ಕೊಯ್ದು ರಕ್ತ ಹರಿಸುವುದು, ಪಾದರಸವನ್ನು ಕುಡಿಸುವುದು, ಉಗ್ರವಾದ ಭೇದಿಯನ್ನು ಮಾಡಿಸುವುದು ಅಂದಿನ ವೈದ್ಯರ ವಾಡಿಕೆಯಾಗಿತ್ತು. ಅಂತಹ ಕಾಲದಲ್ಲಿ, ನೋವುಂಟುಮಾಡದೆ ರೋಗಿಯ ಮಾತನ್ನು ತಾಳ್ಮೆಯಿಂದ ಕೇಳುವ ವೈದ್ಯನತ್ತ ಜನರು ಒಲಿದುದರಲ್ಲಿ ಆಶ್ಚರ್ಯವೇನಿದೆ? ಹಾನಿಮನ್ ಅವರ ಅನುಯಾಯಿ ಕಾನ್ಸ್ಟಂಟೈನ್ ಹೆರಿಂಗ್ ಅವರ ನೇತೃತ್ವದಲ್ಲಿ 1835ರಲ್ಲಿ ಅಮೆರಿಕದ ಆಲೆನ್‌ಟೌನ್‌ನಲ್ಲಿ ಹೋಮಿಯೋಪತಿ ವಿದ್ಯಾಲಯವೊಂದು ಸ್ಥಾಪಿತವಾಯಿತು. ಲಂಡನ್ನಿನಲ್ಲಿ 1849ರಲ್ಲಿ ಆಸ್ಪತ್ರೆಯೊಂದು ಸ್ಥಾಪಿತವಾಯಿತು. ಕಲ್ಕತ್ತೆಯಲ್ಲಿ ಪ್ರಖ್ಯಾತ ವೈದ್ಯರಾದ ಮಹೇಂದ್ರಲಾಲ್ ಸರ್ಕಾರ್ ಅವರು 1867ರಲ್ಲಿ ಈ ಪದ್ಧತಿಯನ್ನು ಬಹಿರಂಗವಾಗಿ ಎತ್ತಿಹಿಡಿದರು.

ನಮ್ಮ ಕರಾವಳಿಗೆ ಇದನ್ನು ತಂದವರು ಜರ್ಮನಿಯಲ್ಲಿ ಜನಿಸಿದ ಯೇಸುಸಭೆಯ ಗುರು ವಂದನೀಯ ಅಗಸ್ಟಸ್ ಮುಲ್ಲರ್ ಅವರು. 1878ರ ಕೊನೆಯ ದಿನದಂದು ಮಂಗಳೂರನ್ನು ತಲಪಿದ ಆ ಗುರುಗಳು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ಆರಂಭಿಸಿದರು. ಆದರೆ ಅವರ ಸೇವೆ ಬಿಳಿಯ ಗುಳಿಗೆಗಳಲ್ಲಿಗೇ ನಿಲ್ಲಲಿಲ್ಲ. ಸಮಾಜವು ದೂರವಿಟ್ಟ ಕುಷ್ಠರೋಗಿಗಳಿಗಾಗಿ 1890ರಲ್ಲಿ ಆಶ್ರಯಧಾಮವನ್ನೂ, ಪ್ಲೇಗು ಹರಡಿದ 1902ರಲ್ಲಿ ಪ್ಲೇಗು ರೋಗಿಗಳಿಗಾಗಿ ಆಸ್ಪತ್ರೆಯನ್ನೂ ತೆರೆದರು. ಅವರು 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ದೈವಾಧೀನರಾದರು. ಅವರ ಹೆಸರಿನ ಸಂಸ್ಥೆಯಲ್ಲಿ 1985ರಲ್ಲಿ ಹೋಮಿಯೋಪತಿ ಕಾಲೇಜು, 1999ರಲ್ಲಿ ಆಧುನಿಕ ವೈದ್ಯಕೀಯ ಕಾಲೇಜು ಆರಂಭವಾದುವು. ಒಂದೇ ಮರದ ಎರಡು ಕೊಂಬೆಗಳಂತಿರುವ ಈ ಎರಡು ವಿದ್ಯೆಗಳ ನಡುವಿನ ದಾರಿಯ ವಿಷಯವೇ ಇಂದಿನ ನಮ್ಮ ಮುಖ್ಯ ಮಾತು.

ನಾವು ಪದವೀಧರರಾಗಿ ಊರಿಗೆ ಬಂದು, ಮನೆಯ ಜಗಲಿಯಲ್ಲಿಯೇ ಔಷಧಾಲಯವನ್ನು ತೆರೆದ ಹೊಸತರಲ್ಲಿ, 1989ರ ಮಳೆಗಾಲದಲ್ಲಿ ನಡೆದ ಸಂಗತಿ ಇದು. ಒಂಬತ್ತು ವರ್ಷದ ಬಾಲಕನೊಬ್ಬನನ್ನು ಹೊಟ್ಟೆನೋವೆಂದು ತಾಯಿ ಕರೆತಂದಳು. ನಾವು ಪಾಠದಲ್ಲಿ ಕಲಿತಂತೆ ಪ್ರಶ್ನೆಗಳನ್ನು ಕೇಳಿದೆವು: ನೋವು ಯಾವ ಹೊತ್ತಿನಲ್ಲಿ ಹೆಚ್ಚು, ಬಿಸಿಯಿಂದ ಹಿತವೋ ತಂಪಿನಿಂದ ಹಿತವೋ, ಮಗುವಿಗೆ ಸಿಟ್ಟು ಹೆಚ್ಚೋ ಅಳು ಹೆಚ್ಚೋ. ನಮ್ಮ ಗುಡ್ಡಗಳಲ್ಲಿ ಬೆಳೆಯುವ ಕಾಸರಕನ ಬೀಜದಿಂದ ತಯಾರಾಗುವ ನಕ್ಸ್ ವಾಮಿಕಾ ಅವನಿಗೆ ಹೊಂದುತ್ತದೆಂದು ನಿರ್ಧರಿಸಿ ಗುಳಿಗೆಗಳನ್ನು ಕೊಟ್ಟೆವು. ಎರಡನೆಯ ದಿನವೂ ನೋವು ತಗ್ಗಲಿಲ್ಲ. ಔಷಧದ ಶಕ್ತಿಯನ್ನು ಹೆಚ್ಚಿಸಿದೆವು. ಮೂರನೆಯ ದಿನ ಬೆಳಿಗ್ಗೆ ತಾಯಿ ನಗುಮುಖದಿಂದ ಬಂದು, “ಡಾಕ್ಟ್ರೇ, ರಾತ್ರಿ ನೋವು ಒಮ್ಮೆಲೇ ನಿಂತಿತು” ಎಂದಳು. ನಾವು ಹಿಗ್ಗಿದೆವು.

ಅದೇ ಮಧ್ಯಾಹ್ನ ನೆರೆಮನೆಯ ರೋಗಿಯನ್ನು ನೋಡಲು ಬಂದಿದ್ದ, ದಾದಿಯ ತರಬೇತಿ ಪಡೆದ ಧರ್ಮಭಗಿನಿಯೊಬ್ಬರು ಬಾಲಕನ ಹೊಟ್ಟೆಯನ್ನು ಮುಟ್ಟಿನೋಡಿ, ಅದು ಹಲಗೆಯಂತೆ ಬಿಗಿದಿದೆಯೆಂದು ನಮಗೆ ಹೇಳಿಕಳುಹಿಸಿದರು. ಕರುಳಿನ ಅಪೆಂಡಿಕ್ಸ್ ಒಡೆದಾಗ ನೋವು ಸ್ವಲ್ಪ ಹೊತ್ತು ಶಮನವಾದಂತೆ ತೋರುವುದುಂಟು. ನಾವು ಗುಣವೆಂದು ಭಾವಿಸಿದುದು ಅಪಾಯದ ಗುರುತಾಗಿತ್ತು. ಸುರಿಯುವ ಮಳೆಯಲ್ಲಿ ಜೀಪಿನಲ್ಲಿ ಅವನನ್ನು ಪಟ್ಟಣದ ಆಸ್ಪತ್ರೆಗೆ ಒಯ್ದೆವು. ಅದೇ ರಾತ್ರಿ ಶಸ್ತ್ರಚಿಕಿತ್ಸೆ ನಡೆಯಿತು. ದೇವರ ಕೃಪೆಯಿಂದಲೂ ಶಸ್ತ್ರವೈದ್ಯರ ಕೈಗುಣದಿಂದಲೂ ಬಾಲಕ ಬದುಕಿದನು. ಇಂದು ಇಬ್ಬರು ಮಕ್ಕಳ ತಂದೆ. ಆಸ್ಪತ್ರೆಯಿಂದ ಮರಳಿದ ತಾಯಿ ನಮ್ಮ ಮನೆಗೆ ಬಾಳೆಗೊನೆಯನ್ನು ತಂದು, ನಮ್ಮ ಗುಳಿಗೆಯಿಂದಲೇ ನೋವು ತಡೆದುನಿಂತಿತೆಂದು ವಂದಿಸಿದಳು. ಅವಳು ಬೈದಿದ್ದರೆ ನಾವು ಇಷ್ಟು ನಾಚುತ್ತಿರಲಿಲ್ಲ. ಸತ್ಯವನ್ನು ಅವಳಿಗೆ ಹೇಳಲು ನಮಗೆ ಒಂದು ವಾರ ಬೇಕಾಯಿತು.

ಮುಂದೆ ಕಾಲೇಜಿನಲ್ಲಿ ಬೋಧಕರಾದಾಗ, ಪ್ರತಿ ವರ್ಷದ ಮೊದಲನೆಯ ಪಾಠವಾಗಿ ನಾವು ಈ ಸಂಗತಿಯನ್ನೇ ಹೇಳುತ್ತಿದ್ದೆವು. ನಮ್ಮ ದೇಶದಲ್ಲಿ ಹೋಮಿಯೋಪತಿಗೆ 1973ರ ಕೇಂದ್ರ ಕಾಯಿದೆಯಿಂದ ಶಾಸನದ ಮನ್ನಣೆ ದೊರೆಯಿತು. ಅದರ ಸ್ಥಾನದಲ್ಲಿ ಈಗ 2020ರ ರಾಷ್ಟ್ರೀಯ ಆಯೋಗದ ಕಾಯಿದೆ ಇದೆ. ಪದವಿಯ ಅವಧಿ ನಾಲ್ಕೂವರೆ ವರ್ಷದ ಅಧ್ಯಯನ ಹಾಗೂ ಒಂದು ವರ್ಷದ ಆಸ್ಪತ್ರೆಯ ತರಬೇತಿ. ಅಂಗರಚನೆ, ಶರೀರಕ್ರಿಯೆ, ರೋಗಶಾಸ್ತ್ರ, ಶಸ್ತ್ರವೈದ್ಯ, ಪ್ರಸೂತಿ ಇವೆಲ್ಲವನ್ನೂ ವಿದ್ಯಾರ್ಥಿ ಕಲಿಯುತ್ತಾನೆ. ಶಸ್ತ್ರಚಿಕಿತ್ಸೆ ಮಾಡದವನಿಗೆ ಈ ಪಾಠವೇಕೆಂದು ಕೇಳಿದವರಿಗೆ ನಮ್ಮ ಉತ್ತರ ಒಂದೇ: ರೋಗಿಯನ್ನು ಯಾವಾಗ ಕಳುಹಿಸಿಕೊಡಬೇಕೆಂಬುದನ್ನು ಅರಿಯುವುದಕ್ಕಾಗಿ.

ಇಂತಹ ಕಾಯಿದೆಯ ಚೌಕಟ್ಟಿನಲ್ಲಿ ಬೆಳೆದ ನಾವು 2001ರಲ್ಲಿ ಇಂಗ್ಲೆಂಡಿಗೆ ತೆರಳಿದಾಗ ಬೇರೆಯೇ ಒಂದು ಲೋಕವನ್ನು ಕಂಡೆವು. ಅಲ್ಲಿ ನಮ್ಮ ಪದವಿಯಿಂದ ವೈದ್ಯರೆಂದು ನೋಂದಣಿಯಾಗಲು ಬರುವುದಿಲ್ಲ. ಆದರೆ ಹೋಮಿಯೋಪತಿ ಚಿಕಿತ್ಸಕನೆಂಬ ಹೆಸರಿಗೆ ಶಾಸನದ ಕಟ್ಟುಪಾಡೂ ಇಲ್ಲ. ಯಾರು ಬೇಕಾದರೂ ಫಲಕವನ್ನು ತೂಗುಹಾಕಬಹುದು. ಸಂಜೆಯ ತರಗತಿಯಲ್ಲಿ ನಮ್ಮ ಬಳಿ ಕಲಿಯಲು ಬಂದವರು ನಿವೃತ್ತ ಉಪಾಧ್ಯಾಯಿನಿಯರು, ದಾದಿಯರು, ಗೃಹಿಣಿಯರು. ಊರಿನಲ್ಲಿ ನಮ್ಮ ಜಗಲಿಯಲ್ಲಿ ಮುಂಜಾನೆಗೆ ನಲವತ್ತು ಜನ ಸಾಲುಗಟ್ಟುತ್ತಿದ್ದರೆ, ಅಲ್ಲಿ ಒಬ್ಬ ರೋಗಿಯ ಮೊದಲ ಭೇಟಿಗೆ ಒಂದೂವರೆ ಗಂಟೆ ಮೀಸಲು. ತಮ್ಮ ಮಾತನ್ನು ಪೂರ್ತಿಯಾಗಿ ಕೇಳುವವರು ಸಿಕ್ಕರೆಂದು ಕಣ್ಣೀರಿಟ್ಟವರನ್ನು ನಾವು ಕಂಡಿದ್ದೇವೆ. ಗುಳಿಗೆಯನ್ನು ಕೊಡುವ ಮೊದಲೇ ಅರ್ಧ ಸಮಾಧಾನ ಹೊಂದಿ ಎದ್ದುಹೋದವರೂ ಇದ್ದರು.

ಒಂದು ದಿನ ಸ್ತನದಲ್ಲಿ ಗಂಟು ಕಾಣಿಸಿಕೊಂಡ ಮಹಿಳೆಯೊಬ್ಬರು ಬಂದರು. ಶಸ್ತ್ರಚಿಕಿತ್ಸೆಯ ಭಯದಿಂದ ಆಸ್ಪತ್ರೆಗೆ ಹೋಗದೆ, ನಮ್ಮಿಂದಲೇ ಗುಣವಾಗಬೇಕೆಂದು ಹಟ ಹಿಡಿದರು. ಆಸ್ಪತ್ರೆಯ ಪರೀಕ್ಷೆ ಆಗುವ ತನಕ ಒಂದು ಗುಳಿಗೆಯನ್ನೂ ಕೊಡಲಾರೆವೆಂದು ನಾವು ಹೇಳಿದಾಗ, ನಿಮಗೆ ನಿಮ್ಮ ವಿದ್ಯೆಯಲ್ಲೇ ನಂಬಿಕೆಯಿಲ್ಲವೆಂದು ಸಿಡುಕಿ ಎದ್ದುಹೋದರು. ಅವರು ಮರಳಿ ಬರಲಿಲ್ಲ, ಅವರಿಗೇನಾಯಿತೆಂದು ತಿಳಿಯದು. ಇಂದಿಗೂ ಸಂಜೆಯ ಜಪಸರದಲ್ಲಿ ಅವರನ್ನು ನೆನೆಯುತ್ತೇವೆ. ಆದರೆ ಅಂದಿನ ನಿರಾಕರಣೆಯ ವಿಷಯದಲ್ಲಿ ನಮಗೆ ಪಶ್ಚಾತ್ತಾಪವಿಲ್ಲ.

ಈಗ ವಿದ್ಯೆಯ ವಿಷಯದಲ್ಲಿಯೇ ಒಂದು ನೇರವಾದ ಮಾತು. ಮೂಲದ್ರವ್ಯದ ಒಂದು ಭಾಗಕ್ಕೆ 99 ಭಾಗ ಮದ್ಯಸಾರವನ್ನು ಸೇರಿಸಿ ಕುಲುಕುವುದು ಶತಾಂಶ ಕ್ರಮದ ಮೊದಲನೆಯ ಹಂತ. ಹೀಗೆ 12 ಹಂತಗಳನ್ನು ದಾಟಿದ ಮೇಲೆ ಮೂಲದ್ರವ್ಯದ ಒಂದು ಅಣುವಾದರೂ ಉಳಿದಿರುವ ಸಂಭವ ಅತ್ಯಲ್ಪ. ನಾವು ಸಾಮಾನ್ಯವಾಗಿ ಕೊಡುವುದಾದರೋ 30ನೆಯ ಹಂತದ್ದು. ಆಸ್ಟ್ರೇಲಿಯದ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಮಂಡಳಿಯು ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಹೋಮಿಯೋಪತಿಯು ಯಾವ ರೋಗದಲ್ಲಿಯೂ ಪರಿಣಾಮಕಾರಿಯೆಂಬುದಕ್ಕೆ ವಿಶ್ವಾಸಾರ್ಹ ಆಧಾರವಿಲ್ಲವೆಂದು 2015ರಲ್ಲಿ ಪ್ರಕಟಿಸಿತು. ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯು 2017ರಲ್ಲಿ ತನ್ನ ವೈದ್ಯರಿಗೆ ಇದನ್ನು ಬರೆದುಕೊಡಬಾರದೆಂದು ಸೂಚಿಸಿತು. ಫ್ರಾನ್ಸ್ ದೇಶವು 2021ರ ಜನವರಿಯಿಂದ ಇದರ ವೆಚ್ಚವನ್ನು ಮರುಪಾವತಿಸುವುದನ್ನು ನಿಲ್ಲಿಸಿತು. ಜೀವನವಿಡೀ ಈ ವಿದ್ಯೆಯಿಂದಲೇ ಅನ್ನ ಉಂಡ ನಮಗೆ ಇದನ್ನು ಹೇಳುವುದು ಸುಲಭವಲ್ಲ. ಆದರೆ ಅನ್ನದ ಋಣಕ್ಕಿಂತ ಸತ್ಯದ ಋಣ ದೊಡ್ಡದು. ನಮ್ಮ ಕೈಯಲ್ಲಿ ಹಿತವಾದುದೆಂದು ಕಂಡುಬಂದ ಎಷ್ಟೋ ಸಂಗತಿಗಳು ಕಾಲವು ತಾನಾಗಿ ಗುಣಪಡಿಸಿದ ಕಾಯಿಲೆಗಳಿರಬಹುದು, ತಾಳ್ಮೆಯ ಮಾತು ಕೊಟ್ಟ ಧೈರ್ಯವಿರಬಹುದು ಎಂಬುದನ್ನು ನಾವು ಒಪ್ಪಿಕೊಂಡಿದ್ದೇವೆ.

ಆದುದರಿಂದ ಈ ಧರ್ಮಕೇಂದ್ರದ ಕುಟುಂಬಗಳಲ್ಲಿ ನಮ್ಮ ವಿನಮ್ರ ವಿನಂತಿ ಇದು. ಸಕ್ಕರೆ ಕಾಯಿಲೆಯ ಇನ್ಸುಲಿನನ್ನು, ಕ್ಷಯದ ಮಾತ್ರೆಗಳನ್ನು, ರಕ್ತದೊತ್ತಡದ ಔಷಧವನ್ನು ಬಿಳಿಯ ಗುಳಿಗೆಯ ನಂಬಿಕೆಯಿಂದ ನಿಲ್ಲಿಸಬೇಡಿರಿ. ಮಕ್ಕಳಿಗೆ ಲಸಿಕೆಯನ್ನು ತಪ್ಪಿಸಬೇಡಿರಿ. ಅದಕ್ಕೆ ಬದಲಿಯಾದ ಗುಳಿಗೆ ಯಾವುದೂ ಇಲ್ಲ. ಎದೆನೋವು, ಉಸಿರಾಟದ ಕಷ್ಟ, ಇಳಿಯದ ಜ್ವರ, ಮಗುವಿನ ಹೊಟ್ಟೆಯ ಬಿಗಿತ ಇವು ಕಂಡಾಗ ನಮ್ಮಂತಹವರ ಜಗಲಿಯನ್ನು ಹತ್ತದೆ ನೇರವಾಗಿ ಆಸ್ಪತ್ರೆಗೆ ಹೋಗಿರಿ. ಈ ವೃತ್ತಿಯನ್ನು ಹಿಡಿಯಲಿರುವ ನಮ್ಮ ಯುವಕ ಯುವತಿಯರಿಗೆ ಹೇಳುವುದಿಷ್ಟೆ: ಕೇಳುವ ಕಿವಿಯನ್ನು ಬೆಳೆಸಿಕೊಳ್ಳಿರಿ, ಕಳುಹಿಸಿಕೊಡುವ ವಿನಯವನ್ನೂ ಬೆಳೆಸಿಕೊಳ್ಳಿರಿ.

ಶುಭಸಂದೇಶದ ದಯಾಳು ಸಮಾರಿಯನನ್ನು ತಾವೆಲ್ಲರೂ ಬಲ್ಲಿರಿ. ಅವನು ಗಾಯಾಳುವಿನ ಬಳಿ ನಿಂತನು. ತನ್ನಲ್ಲಿದ್ದ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಗಾಯವನ್ನು ಕಟ್ಟಿದನು. ಆದರೆ ತನ್ನ ಎಣ್ಣೆಯೇ ಸಾಕೆಂದು ದಾರಿಯಲ್ಲಿ ಕುಳಿತುಕೊಳ್ಳಲಿಲ್ಲ. ತನ್ನ ಸವಾರಿಯ ಮೇಲೆ ಕುಳ್ಳಿರಿಸಿ ಛತ್ರಕ್ಕೆ ಒಯ್ದು, ಇನ್ನೊಬ್ಬನ ಕೈಗೆ ಒಪ್ಪಿಸಿ, ಮುಂದಿನ ವೆಚ್ಚವನ್ನೂ ತಾನೇ ವಹಿಸಿಕೊಂಡನು. ನಮ್ಮ ಕಾಲದ ವೈದ್ಯನಿಗೂ ನೆರೆಯವನಿಗೂ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ನೂರು ವರ್ಷಗಳ ಕಾಲ ಈ ಇಗರ್ಜಿಯು ದಣಿದವರಿಗೆ ಅಂತಹ ಛತ್ರವಾಗಿ ನಿಂತಿದೆ. ಇನ್ನು ಮುಂದೆಯೂ ಹಾಗೆಯೇ ನಿಲ್ಲಲೆಂದು ಹಾರೈಸುತ್ತೇವೆ.