ನಸುಕಿನ ಕಾಲು ತಾಸು



ಬೆಳಿಗ್ಗೆ ಬೇಗ ಏಳುವುದರ ಬಗ್ಗೆ ಮಾತಾಡಿರಿ ಅಂತ ನಿಮ್ಮ ಸಂಘದವರು ಹೇಳಿದಾಗ ನನಗೆ ನಗು ಬಂತು. ಐದಕ್ಕೆ ಎದ್ದು, ಕಸ ಹೊಡೆದು, ಅಂಗಳಕ್ಕೆ ನೀರು ಹಾಕಿ, ರೊಟ್ಟಿ ಬಡಿದು, ಮಕ್ಕಳ ಡಬ್ಬಿ ಕಟ್ಟಿ ಬಂದು ಕೂತವರಿಗೆ ನಾನೇನು ಹೇಳಲಿ?

ಮೊದಲು ನನ್ನದೇ ಒಂದು ತಪ್ಪು ಹೇಳ್ತೀನಿ. ಹಿಂದೆ ಹುಬ್ಬಳ್ಳಿಯ ಒಂದು ಸಂಘದಲ್ಲಿ ಒಬ್ಬ ತಾಯಿ ಸಭೆಗೆ ಮತ್ತೆ ಮತ್ತೆ ತಡವಾಗಿ ಬರುತ್ತಿದ್ದರು. ಬಂದವರೂ ಗೋಡೆಗೆ ಒರಗಿ ತೂಕಡಿಸುತ್ತಿದ್ದರು. "ಸ್ವಲ್ಪ ಬೇಗ ಎದ್ದರೆ ಎಲ್ಲಾ ಕೆಲಸ ಆಗ್ತದಲ್ಲಾ?" ಎಂದು ಎಲ್ಲರ ಮುಂದೆ ಅಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ಸಿಸ್ಟರ್, ರಾತ್ರಿ ಎರಡಕ್ಕ ನಳಾ ಬಂತ್ರಿ. ಬ್ಯಾರಲ್ ತುಂಬೂದ್ರಾಗ ನಾಕ ಆತು. ಮತ್ತ ಮಲಗಿದ್ರ ರೊಟ್ಟಿ ಯಾರು ಬಡೀತಾರ್ರಿ?" ಎಂದರು. ಎಂ.ಎಸ್.ಡಬ್ಲ್ಯೂ. ಓದಿದ ನನಗೆ ಅದೊಂದು ಪ್ರಶ್ನೆ ಕೇಳಬೇಕೆಂದು ಹೊಳೆದಿರಲಿಲ್ಲ.

ನಮ್ಮ ಅವಳಿ ನಗರಕ್ಕೆ ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ ನೀರು ಬರ್ತದೆ. 2008ರಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಶುರುವಾಯಿತು. ಉಳಿದ ಓಣಿಗಳವರು ದಿನ ಎಣಿಸುತ್ತಾ ಕಾದರು, ಕೆಲವರು ಇನ್ನೂ ಕಾಯುತ್ತಿದ್ದಾರೆ. ಒಂದೇ ಊರು, ಆದರೆ ಎಲ್ಲರಿಗೂ ಒಂದೇ ಥರ ಬೆಳಗಾಗುವುದಿಲ್ಲ.

ಹಾಗಾದರೆ ಬೇಗ ಏಳುವುದು ಬೇಡವೇ? ಬೇಕು, ನಿದ್ದೆ ಕದ್ದು ಮಾತ್ರ ಅಲ್ಲ. ದೊಡ್ಡವರಿಗೆ ಕಡಿಮೆ ಅಂದರೂ 7 ತಾಸು ನಿದ್ದೆ ಬೇಕು. ಐದಕ್ಕೆ ಏಳುವವರು ಹತ್ತರೊಳಗೆ ಮಲಗಬೇಕು. ಧಾರಾವಾಹಿ, ಮೊಬೈಲು ಎರಡೂ ಅಲ್ಲಿಗೆ ನಿಲ್ಲಬೇಕು (ನನ್ನದೂ ಸೇರಿ!). ವರ್ಷಗಟ್ಟಲೆ ನಿದ್ದೆಗೆಟ್ಟರೆ ಬಿ.ಪಿ., ಸಕ್ಕರೆ ಕಾಯಿಲೆಗೆ ದಾರಿಯಾಗ್ತದೆ. ದಿನಾ ಒಂದೇ ಹೊತ್ತಿಗೆ ಎದ್ದು ಸ್ವಲ್ಪ ಹೊತ್ತು ಹೊರಗಿನ ಬೆಳಕಿನಲ್ಲಿ ಓಡಾಡಿದರೆ ರಾತ್ರಿ ನಿದ್ದೆಯೂ ಹೊತ್ತಿಗೆ ಸರಿಯಾಗಿ ಬರ್ತದೆ.

ಆದರೆ ಹತ್ತಕ್ಕೆ ಮಲಗಲು ಬಿಡುವವರು ಯಾರು? 2019ರಲ್ಲಿ ಕೇಂದ್ರ ಸರ್ಕಾರ ದೇಶದ ಜನ ಹೊತ್ತು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಆಗ ಕೂಲಿ ಇಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. ಗಂಡಸರಲ್ಲಿ ಆ ಕೆಲಸ ಮಾಡುವವರೇ ಕಡಿಮೆ ಇದ್ದರು, ಮಾಡುತ್ತಿದ್ದವರದೂ 97 ನಿಮಿಷ. ಈ ಲೆಕ್ಕವನ್ನು ಮನೆಯಲ್ಲಿ ಊಟದ ಹೊತ್ತಿಗೆ ಜೋರಾಗಿ ಓದಿ ಹೇಳಿ. ಜಗಳ ಬೇಡ, ಲೆಕ್ಕ ಸಾಕು.

ಆ ತಾಯಿ ಹಾಗೇ ಮನೆಯವರನ್ನು ಕೂಡಿಸಿ ಮಾತಾಡಿದರು. ನಳ ಬಂದ ರಾತ್ರಿ ಬ್ಯಾರಲ್ ತುಂಬುವ ಪಾಳಿ ಒಮ್ಮೆ ಗಂಡನದು, ಒಮ್ಮೆ ದೊಡ್ಡ ಮಗನದು. ಮರುದಿನ ಬಿಸಿ ರೊಟ್ಟಿ ಇಲ್ಲ, ಡಬ್ಬಿಯಲ್ಲಿಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ. ಅತ್ತೆ ಮೊದಲು ಮುಖ ಊದಿಸಿಕೊಂಡರಂತೆ, ಆಮೇಲೆ ಹಿಂಡಿ ಕುಟ್ಟುವುದನ್ನು ಅವರೇ ಹಿಡಿದರು. ಈಗ ಮನೆಯವರು ಏಳುವ ಮುಂಚೆ ಆ ತಾಯಿಗೆ ಕಾಲು ತಾಸು ಸಿಗ್ತದೆ. ಚಹಾ ಹಿಡಿದು ಹೊಸ್ತಿಲ ಮೇಲೆ ಕೂತು ಸಂಘದ ಲೆಕ್ಕ ಬರೀತಾರೆ. ಒಂದೊಂದು ದಿನ ಏನೂ ಮಾಡದೆ ಸುಮ್ಮನೆ ಕೂರ್ತಾರೆ.

ನಾವೂ ಒಂದು ಕೆಲಸ ಮಾಡಿದೆವು. ನಳ ಬಂದ ಮರುದಿನ ಸಭೆ ಬೇಡ ಎಂದು ಠರಾವು ಬರೆದೆವು. ತಡವಾಗಿ ಬಂದವರಿಗೆ ಹಾಕುತ್ತಿದ್ದ ಐದು ರೂಪಾಯಿ ದಂಡವನ್ನು ತೆಗೆದುಹಾಕಿದೆವು. ಠರಾವಿಗೆ ಮೊದಲ ಸಹಿ ಅವರದು. ನಾನು ಕ್ಷಮೆ ಕೇಳಿದ್ದೂ ಆ ಸಭೆಯಲ್ಲೇ, ಎಲ್ಲರ ಮುಂದೆ.